ಕಾಲಿಗೆ ರಜೆ

ಕಾರು ಹೆದ್ದಾರಿ ಸೇರುತ್ತಲೇ ಅಪ್ಪ ಸ್ಟೀರಿಂಗಿನ ಮೇಲಿನ ಗುಂಡಿ ಒತ್ತಿ ಕ್ರೂಸ್ ಕಂಟ್ರೋಲ್ ಹಾಕಿದ. ಮುಳ್ಳು ಎಂಬತ್ತಕ್ಕೆ ಬಂದು ಅಲ್ಲೇ ನಿಂತಿತು.

"ನೋಡು, ಇನ್ನು ಅದರ ಪಾಡಿಗೆ ಅದು ಓಡುತ್ತೆ. ಕಾಲಿಗೆ ರಜೆ!"

ಪಕ್ಕದಲ್ಲಿದ್ದ ಮಗಳು ನಕ್ಕಳು. ಎರಡು ದಿನ ತವರಲ್ಲಿದ್ದು ಗಂಡನ ಮನೆಗೆ ಹೊರಟವಳು. ಬಸ್ಸಿಗೆ ಹೋಗ್ತೀನಿ ಅಂದರೂ ಅಪ್ಪ ಕೇಳಿರಲಿಲ್ಲ. ಜೀವಮಾನವೆಲ್ಲ ಟ್ಯಾಕ್ಸಿ ಓಡಿಸಿದವನು. ಗೇರ್ ಬದಲಿಸುವ ಗೋಜಿಲ್ಲದ ಈ ಕಾರೇ ಬೇಕೆಂದು ಹೋದ ವರ್ಷ ಹಟ ಹಿಡಿದು ಕೊಂಡಿದ್ದ. ವಯಸ್ಸಾಯಿತು, ಸುಖ ಬೇಡವೇ ಎಂದು ಮನೆಯವರೂ ಸುಮ್ಮನಾಗಿದ್ದರು.

ಮುಂದೆ ಹೋಗುತ್ತಿದ್ದ ಲಾರಿಯ ಕೆಂಪು ದೀಪಗಳು ಹೊತ್ತಿಕೊಂಡವು. ರಸ್ತೆ ಕೆಲಸ ನಡೆದಿತ್ತು. ಲಾರಿ ನಿಂತಿತು. ಕಾರಿನ ವೇಗ ಮಾತ್ರ ಒಂದಿಷ್ಟೂ ತಗ್ಗಲಿಲ್ಲ.

"ಅಪ್ಪಾ, ಬ್ರೇಕು!"

"ಒತ್ತಿದೀನಲ್ಲೇ!"

ಅವಳು ಕೆಳಗೆ ನೋಡಿದಳು. ಅಪ್ಪನ ಬಲಗಾಲು ಬ್ರೇಕಿನ ಪಕ್ಕದ ಬರೀ ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿತ್ತು. ಅವಳು ಸ್ಟೀರಿಂಗಿಗೆ ಕೈಹಾಕಿ ಪಕ್ಕಕ್ಕೆ ಎಳೆದಳು. ಅಷ್ಟರಲ್ಲಿ ಅಪ್ಪನೂ ಬಗ್ಗಿ ನೋಡಿದ. ಒಂದು ಕೈಯಿಂದ ತನ್ನದೇ ಮೊಣಕಾಲನ್ನು ಎತ್ತಿ, ಪಾದವನ್ನು ಬ್ರೇಕಿನ ಮೇಲಿಟ್ಟು ತುಳಿದ. ಲಾರಿಯನ್ನು ಕೂದಲೆಳೆಯಲ್ಲಿ ತಪ್ಪಿಸಿಕೊಂಡ ಕಾರು ರಸ್ತೆಬದಿಯ ಜಲ್ಲಿಯಲ್ಲಿ ಜಾರಿ ನಿಂತಿತು.

"ಯಾವಾಗಿಂದ ಹೀಗೆ?" ಮಗಳು ಕೇಳಿದಳು.

"ಸಕ್ಕರೆ ಕಾಯಿಲೆಯವರಿಗೆ ಕಾಲು ಸ್ವಲ್ಪ ಜೋಮು ಹಿಡಿಯೋದು ಇದ್ದದ್ದೇ."

"ಅಪ್ಪಾ."

"...ಈ ಕಾರು ತಗೊಳ್ಳೋಕೆ ಮುಂಚೆಯಿಂದ."

"ಮತ್ತೆ ಊರೊಳಗೆ ಹೇಗೆ ಓಡಿಸ್ತೀಯ?"

"ಕಾಲು ನೋಡ್ಕೊಂಡು ಓಡಿಸ್ತೀನಿ. ಅಭ್ಯಾಸ ಆಗಿದೆ. ಇವತ್ತು ನಿನ್ನ ಜೊತೆ ಮಾತಾಡ್ತಾ ಮೈಮರೆತೆ, ಅಷ್ಟೇ." ಆಮೇಲೆ ದನಿ ತಗ್ಗಿಸಿದ. "ನಿಮ್ಮಮ್ಮನಿಗೆ ಹೇಳ್ಬೇಡ. ಬೆಳಿಗ್ಗೆ ಸ್ಕೂಲ್ ಮಕ್ಕಳನ್ನ ಬಿಟ್ಟು ಬರೋ ಕೆಲಸ ಇದೆ. ಅದೂ ಹೋದ್ರೆ ನಾನು ಮನೇಲಿ ಕೂತು ಏನು ಮಾಡ್ಲಿ?"

ಅವಳು ಕೈ ಚಾಚಿ ಎಂಜಿನ್ ಆರಿಸಿ, ಕೀಲಿ ಎಳೆದುಕೊಂಡಳು. ಅಪ್ಪ ತಡೆಯಲಿಲ್ಲ, ಸ್ಟೀರಿಂಗ್ ಹಿಡಿದ ಕೈಗಳನ್ನು ಮಾತ್ರ ತೆಗೆಯಲಿಲ್ಲ.

ಅವಳು ಇಳಿದು ಆಚೆ ಬದಿಗೆ ಬಂದು ಬಾಗಿಲು ತೆರೆದಳು. ಜಲ್ಲಿಯ ಮೇಲೆ ಮಂಡಿಯೂರಿ ಅವನ ಬಲಗಾಲಿನ ಬೂಟು ಬಿಚ್ಚಿದಳು. ಒಳಗಿನಿಂದ ಚೂಪಾದ ಒಂದು ಕಲ್ಲು ಉದುರಿತು. ಕಾಲುಚೀಲ ರಕ್ತದಲ್ಲಿ ತೊಯ್ದು ಅಂಗಾಲಿಗೆ ಅಂಟಿಕೊಂಡಿತ್ತು. ಅಪ್ಪ ಅತ್ತ ನೋಡಲಿಲ್ಲ. ಗಾಜಿನಾಚೆ, ಮತ್ತೆ ಹೊರಟ ಲಾರಿಯನ್ನೇ ನೋಡುತ್ತಿದ್ದ.

"ಇಲ್ಲಿ ನೋವಾಗುತ್ತಾ, ಅಪ್ಪಾ?"

"ಮೊದಲು ಮುಟ್ಟು, ಆಮೇಲೆ ಹೇಳ್ತೀನಿ," ಎಂದ.

ಅವಳ ಹೆಬ್ಬೆರಳು ಆಗಲೇ ಗಾಯವನ್ನು ಒತ್ತಿ ಹಿಡಿದಿತ್ತು.