ಸಕ್ಕರೆ ಬೀಳುವ ಮೊದಲು

“ಸಕ್ಕರೆ ಹದವಾಗಿ ಬಿದ್ದಿದೆ ಕಣೇ. ನಿನ್ನ ಕೈಗೆ ಚಿನ್ನದ ಬಳೆ ಹಾಕಿಸಬೇಕು,” ಎಂದು ಗಂಡ ಚಮಚ ನೆಕ್ಕಿ ಕೆಳಗಿಟ್ಟ. ಜಾಮಿಗೆಂದು ಒಲೆಯ ಮೇಲಿಟ್ಟ ಬ್ಲೂಬೆರಿ ನೇರಳೆ ನೊರೆಯೆದ್ದು ಕುದಿಯುತ್ತಿತ್ತು. ಸೌಟು ತಿರುವುತ್ತಿದ್ದ ಹೆಂಡತಿಯ ಕೈ ನಿಂತುಬಿಟ್ಟಿತು. ತೂಗಿಟ್ಟ ಸಕ್ಕರೆ ಇನ್ನೂ ಪಕ್ಕದ ಬೋಗುಣಿಯಲ್ಲೇ ಇತ್ತು. ಪಾತ್ರೆಗೆ ಬಿದ್ದಿದ್ದು ಹಣ್ಣು, ಮತ್ತೆ ಎರಡು ನಿಂಬೆಯ ರಸ, ಅಷ್ಟೇ.

ಮೂವತ್ತು ವರ್ಷ ಬೇಕರಿ ನಡೆಸಿದ ನಾಲಿಗೆ ಗಂಡನದು. ಹಿಟ್ಟಿಗೆ ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಹಿಡಿದುಬಿಡುತ್ತಿತ್ತು. ಅವನ ತಲೆಯೊಳಗಿನ ಗಡ್ಡೆ ತೆಗೆದ ಡಾಕ್ಟರು ಮನೆಗೆ ಕಳಿಸುವಾಗ ಒಂದೇ ಮಾತು ಹೇಳಿದ್ದರು: ರುಚಿ ಹೋದರೆ ಗಡ್ಡೆ ಮತ್ತೆ ಬೆಳೆಯುತ್ತಿದೆ ಅಂತಲೇ ತಿಳಿಯಿರಿ, ಆ ದಿನವೇ ಬನ್ನಿ. ಅಂದಿನಿಂದ ಅವಳು ಊಟಕ್ಕೆ ಬಡಿಸಿದಾಗಲೆಲ್ಲ ಹೇಗಿದೆ ಎಂದು ಕೇಳುತ್ತಿದ್ದಳು. ಅವನು ಬಾಯ್ತುಂಬ ಹೊಗಳುತ್ತಿದ್ದ. ಆ ಹೊಗಳಿಕೆಗೆ ಅವಳು ದಿನವೂ ದೇವರಿಗೆ ಕೈಮುಗಿಯುತ್ತಿದ್ದಳು.

ಈಗ ಅವಳು ಅದೇ ಚಮಚದಲ್ಲಿ ಒಂದು ತೊಟ್ಟು ತೆಗೆದು ನಾಲಿಗೆಗಿಟ್ಟುಕೊಂಡಳು. ಹುಳಿಗೆ ಕಣ್ಣು ತಾನಾಗಿ ಮುಚ್ಚಿತು. ತೆರೆದಾಗ ಗಂಡ ಸಕ್ಕರೆಯ ಬೋಗುಣಿಯನ್ನೇ ನೋಡುತ್ತಿದ್ದ.

“ಎಷ್ಟು ದಿನ ಆಯ್ತು ರೀ?”

“ಒಂದು ತಿಂಗಳು ಆಗಿರಬೇಕು. ನಿನ್ನ ಮುಖ ನೋಡಿದ್ರೆ ಹೇಳೋಕೆ ಬಾಯಿ ಬರ್ತಿರಲಿಲ್ಲ.” ಅವನು ಬೋಗುಣಿಯನ್ನು ಅವಳತ್ತ ಸರಿಸಿದ. “ಮೊದಲು ಇದನ್ನ ಮುಗಿಸು. ಇಷ್ಟು ಹಣ್ಣು ಸುಮ್ನೆ ಹಾಳಾಗುತ್ತೆ.”

ಅವಳು ಒಲೆ ಆರಿಸಿದಳು. ಕುದಿ ಇನ್ನೂ ಇಳಿದಿರಲಿಲ್ಲ, ಅಷ್ಟರಲ್ಲಿ ಅವನ ಚಪ್ಪಲಿ ತಂದು ಕಾಲಬಳಿ ಇಟ್ಟಳು.