ಬೇಲಿಯ ಸೊಪ್ಪು

"ಆ ಸೊಪ್ಪಿನಲ್ಲಿ ಎಂತದೂ ಇಲ್ಲ, ದೊಡ್ಡಮ್ಮ."

ಬೊಂಬಾಯಿಯ ಹಡಗಿನಿಂದಿಳಿದು ಪಡೀಲಿನ ಮನೆಗೆ ಬಂದ ಜಯ, ಟ್ರಂಕನ್ನು ಜಗಲಿಯಲ್ಲಿಟ್ಟು ಮೊದಲು ಹೇಳಿದ ಮಾತೇ ಅದು. ದೊಡ್ಡಮ್ಮ ದೇಯಿ ಕೈಯಲ್ಲಿದ್ದ ಕಾಫಿಯನ್ನು ಕೆಳಗಿಟ್ಟಳು.

"ಸರಿಯಾಗಿ ನೋಡಿದೆಯಾ ಮಗಾ?"

"ಎರಡು ವರ್ಷ ಬೇರೆ ಎಂತ ಮಾಡಿದ್ದು ನಾನು? ಗಿಡಮದ್ದಿನ ಹಳೆಯ ಪುಸ್ತಕ ಓದಲಿಕ್ಕೆಂದು ಜರ್ಮನ್ ಕೂಡ ಕಲಿತೆ. ಸಾರ ತೆಗೆದೆ, ಸೋಸಿದೆ, ಇಲಿಗಳಿಗೆ ಕುಡಿಸಿದೆ. ಒಂದೂ ಗುಣವಾಗಲಿಲ್ಲ. ‘ನಿನ್ನ ದೊಡ್ಡಮ್ಮನ ಮೇಲೆ ಬೊಂಬಾಯಿ ಇಲಿಗಳಿಗೆ ನಂಬಿಕೆ ಸಾಲದು ಮಾರಾಯ’ ಅಂತ ಲ್ಯಾಬಿನಲ್ಲಿ ನಗಾಡಿದರು." ಅವನೂ ನಕ್ಕ. "ಸ್ಕಾಲರ್‌ಶಿಪ್ ನಿಂತಿತು. ಇಲ್ಲೇ ಮಾತ್ರೆ ಕಂಪೆನಿಯಲ್ಲಿ ಕೆಲಸ ಉಂಟು. ಟೈ ಕಟ್ಟಿ, ಬ್ಯಾಗ್ ಹಿಡಿದು, ಡಾಕ್ಟರುಗಳ ಬಾಗಿಲಲ್ಲಿ ನಿಲ್ಲುವುದು."

"ಮತ್ತೆ ಓದುವುದಿಲ್ಲವಾ?"

"ಹೊಸ ಮದ್ದು ಕಂಡುಹಿಡಿಯಲಿಕ್ಕೆ ತಲೆ ಬೇಕು, ನನಗದಿಲ್ಲ. ನಿಮ್ಮ ಕೈಯಲ್ಲಿ ಎಷ್ಟು ಜನರ ಕಾಮಾಲೆ ಇಳಿದಿಲ್ಲ! ನಾನೇ ಎಲ್ಲೋ ಹಾಳು ಮಾಡಿದ್ದು."

ಅವನು ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಕಾಮಾಲೆಯ ಮದ್ದು ಬೇಲಿಯ ಬುಡದಲ್ಲಿ ನೆಲಕ್ಕಂಟಿ ಬೆಳೆಯುವ ಒಂದೇ ಒಂದು ಸಣ್ಣ ಗಿಡದ್ದು. ಕಂಡವರಿಗೆ ಗುರುತು ಸಿಗದಿರಲೆಂದು ಅದರ ಜೊತೆ ಬೇಲಿಯ ಎರಡು ಮೂರು ಸೊಪ್ಪನ್ನೂ ಸೇರಿಸಿ ಅರೆಯುವುದು ಅವಳಿಗೆ ತಾಯಿ ಕಲಿಸಿದ ಕ್ರಮ. ಬೊಂಬಾಯಿಗೆ ಹೊರಟ ಜಯನಿಗೆ ಅವಳು ಒಣಗಿಸಿ ಕಟ್ಟಿಕೊಟ್ಟ ಚೀಲದಲ್ಲಿ ಆ ಗಿಡ ಇರಲಿಲ್ಲ, ಇದ್ದದ್ದು ಬರೀ ಬೇಲಿಯ ಸೊಪ್ಪು. ಗಂಡನಿಲ್ಲದ, ಮಕ್ಕಳಿಲ್ಲದ ತನ್ನ ಅಂಗಳಕ್ಕೆ ಜನ ಬರುವುದೇ ಆ ಗಿಡಕ್ಕಾಗಿ. ಅದು ನಾಳೆ ಅಂಗಡಿಯ ಬಾಟಲಿಯಲ್ಲಿ ಸಿಕ್ಕಿದರೆ ಈ ಗುಡ್ಡ ಹತ್ತುವವರು ಯಾರು? ನಾಲ್ಕು ದಿನ ನೋಡಿ ಬಿಟ್ಟುಬಿಡುತ್ತಾನೆ ಎಂದುಕೊಂಡಿದ್ದಳು.

"ಜಯಾ, ಆ ಚೀಲದಲ್ಲಿ..."

"ದೇಯಿಯಕ್ಕ ಇದ್ದಾರಾ?" ಅಂಗಳದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಹೆಗಲ ಮೇಲಿದ್ದ ಮಗುವಿನ ಕಣ್ಣು ಅರಸಿನದಂತಿತ್ತು.

"ನೀವು ಮಗುವನ್ನು ನೋಡಿ. ಸೊಪ್ಪು ನಾನು ತರ್ತೇನೆ," ಎಂದು ಜಯ ಬಚ್ಚಲಿನ ಹಿಂದಕ್ಕೆ ನಡೆದೇಬಿಟ್ಟ. ದೇಯಿ ಬೇಗ ಬೇಗ ಹಿಂದೆ ಹೋದಳು. ಅವನು ಬೇಲಿಯಿಂದ ಒಂದೊಂದೇ ಸೊಪ್ಪು ಕೊಯ್ಯುತ್ತ, ಪ್ರತಿಯೊಂದರ ಉದ್ದುದ್ದ ಲ್ಯಾಟಿನ್ ಹೆಸರನ್ನು ಪಾಠ ಒಪ್ಪಿಸುವ ಹಾಗೆ ಹೇಳುತ್ತಿದ್ದ. ಹಿಡಿ ತುಂಬಿದ ಮೇಲೆ ಅವಳ ಮುಂದೆ ಚಾಚಿದ.

"ಇವೇ ಅಲ್ಲವಾ ದೊಡ್ಡಮ್ಮ? ಸರಿಯಾಗಿ ನೋಡಿ ಹೇಳಿ."

ಅವನ ಕಣ್ಣಲ್ಲಿ, ಇನ್ನೂ, ಏನೋ ಒಂದು ಕಾಯುತ್ತಿತ್ತು. ಹೇಳುವುದಾದರೆ ಈಗಲೇ ಹೇಳಬೇಕು.

"ಹೌದು ಮಗಾ," ಎಂದಳು ದೇಯಿ. "ಇವೇ."

ಅವನು ತಲೆಯಾಡಿಸಿ, ಸೊಪ್ಪನ್ನು ಅವಳ ಸೆರಗಿಗೆ ಹಾಕಿ, ಒಳಗೆ ಹೋದ. ಬಾಗಿಲ ಸದ್ದಾಗುವವರೆಗೆ ಅವಳು ಕದಲಲಿಲ್ಲ. ಆಮೇಲೆ, ಇಷ್ಟು ಹೊತ್ತು ಅವನು ನಿಂತಿದ್ದ ಜಾಗದಲ್ಲಿ ಬಗ್ಗಿದಳು. ಅವನ ಹೆಜ್ಜೆಯ ಗುರುತಿನೊಳಗೆ ಆ ಸಣ್ಣ ಗಿಡ ಮಣ್ಣಿಗಂಟಿ ಮಲಗಿತ್ತು.