ಪಿನಾಂಗಿನ ಬಳೆ

ಬಳೆಗಳ ಪೊಟ್ಟಣ ಬಿಚ್ಚಿದ ಮೇಲೆಯೇ ಅವನ ಕಣ್ಣಿಗೆ ಕುಪ್ಪಮ್ಮನ ಕೈಗಳು ಬಿದ್ದದ್ದು. ಎರಡೂ ಬೋಳು.

ಕೆಂಪು ಗಾಜಿನ ಬಳೆಗಳು. ಮಲಯದ ಪಿನಾಂಗ್ ಬಂದರಿನಲ್ಲಿ, ಚೀನೀಯನ ಅಂಗಡಿಯಲ್ಲಿ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದ್ದು. ಹಡಗಿನಲ್ಲಿ ಒಡೆದೀತೆಂದು ತನ್ನ ಪಂಚೆಯಲ್ಲಿ ಸುತ್ತಿ, ನಾಗಪಟ್ಟಣ ಮುಟ್ಟುವವರೆಗೂ ಮಗ್ಗುಲಲ್ಲೇ ಇಟ್ಟುಕೊಂಡು ಬಂದಿದ್ದ. ಈಗ ಅವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯಲಿಲ್ಲ.

"ನಿನ್ನ ಭಾವ ಓಗಿ ಬಾಳ ದಿನ ಆಯ್ತು, ಮಲ್ಲ," ಎಂದಳು ಕುಪ್ಪಮ್ಮ. "ಜ್ವರ ಬಂತು, ಓದ್ರು. ಆ ದೇಸಕ್ಕೆ ಸುದ್ದಿ ಯಾರು ಮುಟ್ಟುಸ್ತಾರೆ?"

ಅವನು ತಲೆ ತಗ್ಗಿಸಿದ. ಹಾಸಿಗೆ ಸುರುಳಿಯಿಂದ ಬೆತ್ತದ ಕೋಲೊಂದರ ತುದಿ ಹೊರಗೆ ಇಣುಕುತ್ತಿತ್ತು. ಅದನ್ನು ಕಾಲಿನಿಂದ ಒಳಗೆ ತಳ್ಳಲು ನೋಡಿದ. ಅಷ್ಟರಲ್ಲಿ ಅವಳೇ ಎಳೆದು ತೆಗೆದಳು.

"ಇದು ಅವರಿಗಾ?"

"ಊಂ."

ಅವಳು ಕೋಲಿನ ಮೇಲೆ ಒಮ್ಮೆ ಕೈಯಾಡಿಸಿ, ಮೂಲೆಗೆ ಒರಗಿಸಿಟ್ಟಳು.

ತೊಪ್ಪೂರು ಘಾಟಿನ ತಿರುವಿನಲ್ಲಿ ಅವಳದು ಒಂಟಿ ಮನೆ. ಮುಂದಿನ ತಿಣ್ಣೆಯ ಮೇಲೆ ಇಡ್ಲಿ, ಮಜ್ಜಿಗೆಯ ವ್ಯಾಪಾರ. ಸೇಲಂನಿಂದ ಧರ್ಮಪುರಿಗೆ ಏರುವ ಬಸ್ಸುಗಳು ಬಿಸಿಯಾಗಿ ಹೊಗೆಯಾಡುತ್ತಾ ಅಲ್ಲಿ ನಿಲ್ಲುತ್ತಿದ್ದವು. ಇಂಜಿನ್ನಿಗೆ ನೀರು ಹುಯ್ದುಕೊಂಡು ಹೋಗುತ್ತಿದ್ದವು. ಊರಿದ್ದದ್ದು ಗುಡ್ಡದ ಆಚೆ. ಬಸ್ಸು ಹೋದ ಮೇಲೆ ಗಾಳಿಯ ಸದ್ದು ಬಿಟ್ಟರೆ ಅವಳಿಗೆ ಬೇರೆ ಜೊತೆಯಿರಲಿಲ್ಲ.

ರಬ್ಬರಿನ ಬೆಲೆ ಬಿದ್ದು, ಮಲಯದ ತೋಟಗಳವರು ಕೂಲಿಗಳನ್ನು ಹಡಗು ಹತ್ತಿಸಿ ಕಳಿಸುತ್ತಿದ್ದ ಕಾಲ ಅದು. ಹಾಗೆ ಬಂದವರಲ್ಲಿ ಅವನೂ ಒಬ್ಬ. ಹಿಂದಿನ ಸಂಜೆ ಬಸ್ಸಿಳಿದು, ಅಂಗಡಿಯ ಮುಂದೆ ನಿಂತು, "ಅಕ್ಕಾ, ನಾನು ಮಲ್ಲ. ಗುರುತು ಸಿಗ್ಲಿಲ್ವಾ?" ಎಂದಿದ್ದ.

ಅವಳ ತಮ್ಮ ಮಲ್ಲಪ್ಪ ಆಳು ಕೂಡಿಸುವವನ ಬೆನ್ನು ಹತ್ತಿ ಹಡಗು ಹತ್ತಿದ್ದು ಮೀಸೆ ಚಿಗುರುವ ಮೊದಲು. ಕುಪ್ಪಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ, "ಒಳಗೆ ಬಾ, ಕಾಲು ತೊಳ್ಕೋ," ಎಂದಳು.

ರಾತ್ರಿ ಮುದ್ದೆ, ಹುರುಳಿ ಸಾರು ಬಡಿಸಿದಳು. ಒಂದು ತುತ್ತು ನುಂಗಿ ಅವನು, "ಅದೇ ರುಚಿ, ಅಕ್ಕ," ಎಂದ.

"ಆಗ ಒಲೆ ಮುಂದೆ ಕೂರ್ತಿದ್ದದ್ದು ಅವ್ವ. ನಾನು ಕಲ್ತಿದ್ದು ಆಮೇಲೆ," ಎಂದು ಅವಳು ಇನ್ನೊಂದು ಸೌಟು ಸಾರು ಹಾಕಿದಳು.

ಇಷ್ಟು ವರ್ಷ ಅಲ್ಲಿ ಹೇಗಿದ್ದೆ ಎಂದು ಮಾತ್ರ ಅವಳು ಒಂದು ಮಾತೂ ಕೇಳಲಿಲ್ಲ.

ಈ ಬೆಳಿಗ್ಗೆ, ಬಳೆ, ಕೋಲು ಆದ ಮೇಲೆ ಇನ್ನು ಉಳಿದಿದ್ದದ್ದು ಹಕ್ಕಿಗಳ ಚಿತ್ರ ಬರೆದ ಕಾಗದದ ಕೊಡೆ. ಅಂಗಳಕ್ಕೆ ತಂದು ಬಿಚ್ಚಿ ತೋರಿಸಿದ. ಘಾಟಿನ ಗಾಳಿ ಒಂದೇ ಬೀಸಿಗೆ ಅದನ್ನು ತಿರುವುಮುರುವು ಮಾಡಿ, ಕಡ್ಡಿಗಳನ್ನು ಮುರಿದು ಹಾಕಿತು. ಅವನು ಹಿಡಿಯನ್ನೇ ಹಿಡಿದುಕೊಂಡು ನಿಂತ.

"ಇಷ್ಟೆಲ್ಲ ಯಾಕಪ್ಪಾ ತಂದೆ?"

"ನಿಂಗಲ್ದೆ ಬೇರೆ ಯಾರಿಗೆ ತರ್ಲಿ, ಅಕ್ಕ?"

"ಅದೂ ಸರಿ," ಎಂದಳು ಮೆಲ್ಲಗೆ. "ನಿಂಗೆ ಬೇರೆ ಯಾರವ್ರೆ."

ಅವನಿಗೆ ಆ ಸಾಮಾನಿನ ಮೇಲೆಯೇ ಸಿಟ್ಟು ಬಂತು. ತೋಟದ ಕೂಲಿ ಲೈನಿನ ಸಾಲುಮನೆಯಲ್ಲಿ ಮಳೆ ಹಿಡಿದ ಸಂಜೆಗಳಲ್ಲಿ ಈ ಮನೆಯ ಮಾತು ಎಷ್ಟು ಸಲ ಬಂದಿತ್ತೋ! ಆ ಮಾತಿನೊಳಗಿನ ಅಕ್ಕ ಕೈತುಂಬ ಕೆಂಪು ಬಳೆ ತೊಟ್ಟವಳು. ಭಾವ ಕೋಲು ಬೀಸುತ್ತಾ ಸಂತೆಗೆ ಹೊರಡುವವನು. ಅದನ್ನೇ ನಂಬಿಕೊಂಡು ಅಂಗಡಿ ಅಂಗಡಿ ಸುತ್ತಿದ್ದ. ಬರಿಗೈಯಲ್ಲಿ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ತಂದ ಒಂದೊಂದು ಸಾಮಾನೂ, ಈ ಮನೆಯ ವಿಷಯ ನಿನಗೇನೂ ಗೊತ್ತಿಲ್ಲ ಎಂದು ಎಲ್ಲರೆದುರು ಕೂಗಿ ಹೇಳುವಂತಿತ್ತು.

ಹೊತ್ತೇರಿತು. ಅವಳು ಗಿರಾಕಿಗಳಿಗೆ ಇಡ್ಲಿ ಕೊಡುತ್ತಿದ್ದಾಗ ಅವನು ಹಾಸಿಗೆ ಸುರುಳಿ, ಪೆಟ್ಟಿಗೆ ಎತ್ತಿಕೊಂಡು ರಸ್ತೆಯ ಪಕ್ಕಕ್ಕೆ ಬಂದ. ಸೇಲಂ ಕಡೆಗೆ ಇಳಿಯುವ ಬಸ್ಸು ನಿಂತಿತ್ತು. ಈಚೆಗಷ್ಟೇ ಈ ದಾರಿಗೆ ಬಂದಿದ್ದ ಕಂಡಕ್ಟರ್ ಕುಪ್ಪಸ್ವಾಮಿ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ.

"ಯಾರಕ್ಕಾ ಇವ್ರು? ಊರಿಗೆ ಪುದುಸಾ, ಹೊಸಬ್ರಾ?"

"ನನ್ನ ತಮ್ಮ," ಎಂದಳು ಕುಪ್ಪಮ್ಮ ತಡವರಿಸದೆ.

ಅವನು ಬಸ್ಸಿನ ಕಡೆಗೆ ಹೆಜ್ಜೆ ಹಾಕಿದ. "ಸೇಲಂನಾಗೆ ಕೆಲ್ಸ ಐತೆ, ಅಕ್ಕ. ಆಮೇಲೆ ಬತ್ತೀನಿ," ಎಂದ, ಅವಳ ಮುಖ ನೋಡದೆ.

ಅವಳು ಬಂದು ಪೆಟ್ಟಿಗೆಯ ಹಿಡಿಗೆ ಕೈ ಹಾಕಿದಳು. ಅವನು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಕುಪ್ಪಸ್ವಾಮಿ ಇಬ್ಬರನ್ನೂ ನೋಡಿ, ಅಕ್ಕತಮ್ಮಂದಿರ ಜಗಳದಲ್ಲಿ ತನಗೇನು ಕೆಲಸವೆಂದು ಸೀಟಿ ಊದಿದ. ಬಸ್ಸು ಧೂಳೆಬ್ಬಿಸಿ ತಿರುವಿನಲ್ಲಿ ಇಳಿದುಹೋಯಿತು.

ಧೂಳು ಅಡಗಿತು.

"ಮಲ್ಲ ಓದ ವರ್ಸನೇ ಬಂದ," ಎಂದಳು. "ಎದೆ ಕಾಯ್ಲೆ ಒತ್ಕೊಂಡು ಬಂದ. ಇದೇ ತಿಣ್ಣೆ ಮ್ಯಾಲೆ, ನನ್ನ ಕೈಯಾಗೆ ನೀರು ಕುಡ್ದು ಕಣ್ಮುಚ್ಚಿದ. 'ಆಸ್ಪತ್ರೆಯಿಂದ್ಲೇ ನನ್ನ ಹಡಗು ಅತ್ತುಸ್ಬುಟ್ರು, ಸತ್ತೋದೆ ಅಂದ್ಕೊಂಡಿರ್ತಾನೆ ನನ್ನ ಜೊತೆಗಾರ. ತೋಟದಲ್ಲೇ ಉಟ್ಟೋನು, ಅವನಿಗೆ ಊರಿಲ್ಲ, ಕೇರಿಲ್ಲ, ನನ್ನ ಅಕ್ಕನ ಕತೇನೇ ದಿನಾ ಕೇಳ್ತಾ ಕೂತಿರೋನು' ಅಂತ ಕೊನೇತನ್ಕ ಕೊರಗ್ದ."

ಪೆಟ್ಟಿಗೆಯನ್ನು ಅವನ ಕೈಯಿಂದ ಬಿಡಿಸಿಕೊಂಡು, ಮನೆಯ ಕಡೆಗೆ ತಿರುಗಿದಳು.

"ಇಡ್ಲಿ ಆರೋಗ್ತೈತೆ. ಕೈ ತೊಳ್ಕೊಂಡು ಬಾ, ಮಾರಿಯಪ್ಪ."